ಯಾರಿಗೆ ಗೊತ್ತಾಗಬಾರದು ಅಂತ ಮೊದಲು ಹೇಳಿ

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಸಾರ್ವಜನಿಕರಿಗೆ ಇಟ್ಟಿರುವ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಜನ ನನ್ನ ಹತ್ತಿರ ನೂರೆಂಟು ಪ್ರಶ್ನೆ ತರುತ್ತಾರೆ. ಅದರಲ್ಲಿ ಒಂದು ಮಾತ್ರ ಯಾವಾಗಲೂ ದನಿ ತಗ್ಗಿಸಿಕೊಂಡೇ ಬರುತ್ತದೆ: "ಮೇಡಂ, ಇಲ್ಲಿ ನಾನು ನೋಡಿದ್ದು ಬೇರೆಯವರಿಗೆ ಗೊತ್ತಾಗುತ್ತಾ?"

ಹೀಗೆ ಕೇಳುವವರು ಕೆಟ್ಟ ಕೆಲಸಕ್ಕೆ ಹೊರಟವರಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದೆ, ಮನೆಯವರಿಗೆ ಹೇಳುವ ಮೊದಲು ಒಂದಿಷ್ಟು ಓದಿಕೊಳ್ಳಬೇಕು ಅನ್ನುವವರು. ವಿಚ್ಛೇದನದ ಕಾನೂನು ಹುಡುಕುವವರು. ಸಂಬಳ ಸರಿಯಾಗಿ ಕೊಡದ ಮಾಲೀಕರ ಮೇಲೆ ಎಲ್ಲಿ ದೂರು ಕೊಡಬೇಕು ಅಂತ ನೋಡುವವರು. ಹುಟ್ಟಿನಿಂದ ಬಂದ ನಂಬಿಕೆಯ ಬಗ್ಗೆ ಅನುಮಾನ ಮೂಡಿದ ಹುಡುಗ ಹುಡುಗಿಯರು. ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸಿದರೆ ಇಂಥವರು ಓದುವುದನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಆಗಬಾರದು. ಅದಕ್ಕೇ ಈ ವಿಷಯದ ಬಗ್ಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಉತ್ತರ ಹೇಳುವ ಮೊದಲು ನಾನು ಒಂದು ಮರುಪ್ರಶ್ನೆ ಕೇಳುತ್ತೇನೆ. ಯಾರಿಗೆ ಗೊತ್ತಾಗಬಾರದು? ಇದೇ ಕಂಪ್ಯೂಟರನ್ನು ನಿಮ್ಮ ನಂತರ ಬಳಸುವವರಿಗಾ? ಮನೆಯಲ್ಲಿ ನಿಮ್ಮ ಫೋನ್ ತೆಗೆದು ನೋಡುವವರಿಗಾ? ಇಂಟರ್ನೆಟ್ ಕೊಡುವ ಕಂಪನಿಗಾ? ಜಾಹೀರಾತಿನವರಿಗಾ? ಸರ್ಕಾರಕ್ಕಾ? ಒಬ್ಬೊಬ್ಬರಿಂದ ಮರೆಯಾಗುವ ದಾರಿ ಒಂದೊಂದು ಥರ. ಎಲ್ಲರಿಂದಲೂ ಒಂದೇ ಸಲ ಕಾಪಾಡುವ ಗುಂಡಿ ಯಾವ ಬ್ರೌಸರ್‌ನಲ್ಲೂ ಇಲ್ಲ.

ಮನೆಯವರಿಂದ ಅನ್ನುವ ಉತ್ತರ ಬಂದಾಗ ನಾನು ಕೆಲಸ ಬದಿಗಿಟ್ಟು ಕೂತುಕೊಳ್ಳುತ್ತೇನೆ. ಯಾಕೆಂದರೆ ಅಲ್ಲಿ ಅಪಾಯ ತೀರ ಹತ್ತಿರದಲ್ಲಿರುತ್ತದೆ. ಇಂಥ ಕಡೆ ಬ್ರೌಸರ್‌ನಲ್ಲಿ ಬೇರೆಯಾಗಿ ತೆರೆಯುವ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಿಟಕಿ ಮುಚ್ಚಿದ ಮೇಲೆ ಹಿಸ್ಟರಿ, ಕುಕಿ (ನಿಮ್ಮನ್ನು ನೆನಪಿಟ್ಟುಕೊಳ್ಳಲು ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಗುರುತು), ಫಾರ್ಮ್‌ಗಳಲ್ಲಿ ತುಂಬಿದ್ದು ಯಾವುದೂ ಆ ಬ್ರೌಸರ್‌ನಲ್ಲಿ ಉಳಿಯುವುದಿಲ್ಲ. ಆದರೆ ಡೌನ್‌ಲೋಡ್ ಮಾಡಿದ ಫೈಲ್ ಹಾಗೇ ಇರುತ್ತದೆ, ಬುಕ್‌ಮಾರ್ಕ್ ಕೂಡ. ಮಾಮೂಲಿ ಕಿಟಕಿಯಲ್ಲಿ ನೋಡಿದ್ದರಂತೂ, ಖಾತೆ ಸಿಂಕ್ ಆಗಿದ್ದರೆ ಫೋನಿನಲ್ಲಿ ಹುಡುಕಿದ್ದು ಮನೆಯ ಟ್ಯಾಬ್ಲೆಟ್‌ನ ಹಿಸ್ಟರಿಯಲ್ಲೂ ಬಂದು ಕೂರುತ್ತದೆ. ನೀವು ಫೋನ್‌ನಲ್ಲಿ ಅಳಿಸಿಕೊಂಡು ನಿಶ್ಚಿಂತೆಯಿಂದ ಇರುವ ಹೊತ್ತಿಗೆ, ಅದೇ ಖಾತೆಯ ಜಾಹೀರಾತುಗಳು ಟ್ಯಾಬ್ಲೆಟ್‌ನಲ್ಲಿ ಆ ಕಾಯಿಲೆಯ ಹೆಸರು ಹೇಳುತ್ತಿರಬಹುದು.

ಇನ್ನೂ ಗಂಭೀರವಾದ ಒಂದು ಸ್ಥಿತಿ ಇದೆ. ಜೊತೆಯಲ್ಲಿರುವವರೇ ನಿಮ್ಮ ಫೋನಿನಲ್ಲಿ ಕದ್ದು ನೋಡುವ ಆಪ್ ಹಾಕಿದ್ದರೆ, ಬ್ರೌಸರ್‌ನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಅದು ಪರದೆಯನ್ನೇ ನೋಡುತ್ತಿರುತ್ತದೆ. ಅದನ್ನು ಕಂಡ ಕೂಡಲೇ ಕಿತ್ತು ಹಾಕಿ ಅಂತಲೂ ನಾನು ಹೇಳುವುದಿಲ್ಲ. ಕಿತ್ತರೆ ಹಾಕಿದವರಿಗೆ ತಿಳಿಯಬಹುದು. ಹಿಂಸೆ ಇರುವ ಮನೆಯಲ್ಲಿ ಆ ಕ್ಷಣ ಬಹಳ ಅಪಾಯದ್ದು. ಆ ಫೋನಿನಲ್ಲಿ ಮಾಮೂಲಿಯಾಗಿ ನೋಡುವುದನ್ನು ನೋಡುತ್ತಾ ಇರಿ. ಸಹಾಯ ಹುಡುಕುವುದಕ್ಕೆ ಅವರ ಕೈಗೆ ಎಂದೂ ಸಿಗದ ಬೇರೆ ಕಂಪ್ಯೂಟರ್ ಬಳಸಿ. ಅಲ್ಲಿ ನಿಮ್ಮ ಹಳೆಯ ಖಾತೆಗೆ ಲಾಗಿನ್ ಆಗಬೇಡಿ. ಹೊಸ ಇಮೇಲ್ ತೆರೆಯಿರಿ, ಹಳೆಯ ಪಾಸ್‌ವರ್ಡ್ ಅದಕ್ಕೆ ಹಾಕಬೇಡಿ. ಗ್ರಂಥಾಲಯಗಳಲ್ಲಿ ಕಂಪ್ಯೂಟರ್ ಇಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಇನ್‌ಕಾಗ್ನಿಟೊ ಕೆಲಸ ಅಲ್ಲಿಗೆ ಮುಗಿಯುತ್ತದೆ. ನೀವು ಹೋದ ಸೈಟ್‌ಗೆ, ಇಂಟರ್ನೆಟ್ ಕೊಡುವ ಕಂಪನಿಗೆ, ವೈಫೈ ನಡೆಸುವವರಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ. ಈ ವ್ಯತ್ಯಾಸ ಜನರಿಗೆ ತಿಳಿಯುವ ಹಾಗೆ ಹೇಳಿಲ್ಲ ಅಂತಲೇ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಬಿತ್ತು. 2024ರಲ್ಲಿ ರಾಜಿಯಾಗಿ, ಇನ್‌ಕಾಗ್ನಿಟೊ ಬಳಕೆಯಿಂದ ಸೇರಿದ್ದ ನೂರಾರು ಕೋಟಿ ದಾಖಲೆಗಳನ್ನು ಅಳಿಸುವುದಕ್ಕೆ ಕಂಪನಿ ಒಪ್ಪಿಕೊಂಡಿತು. ಆ ಕಿಟಕಿ ತೆರೆದಾಗ ಕಾಣುವ ಸೂಚನೆಯ ಮಾತುಗಳೂ ಬದಲಾದವು. ಒಮ್ಮೆ ನಿಧಾನವಾಗಿ ಓದಿ ನೋಡಿ. ಸಾಕಷ್ಟು ನೇರವಾಗಿಯೇ ಬರೆದಿದ್ದಾರೆ.

ಇಂಟರ್ನೆಟ್ ಕೊಡುವವರಿಗೆ ಏನು ಕಾಣುತ್ತದೆ? ಈಗ ಹೆಚ್ಚಿನ ಸೈಟ್‌ಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ನಿಮ್ಮ ಮತ್ತು ಸೈಟ್‌ನ ನಡುವಿನ ಮಾತಿಗೆ ಬೀಗ ಹಾಕುವ ವ್ಯವಸ್ಥೆ. ಹಾಗಾಗಿ ಯಾವ ಪುಟ ಓದಿದಿರಿ, ಏನು ಬರೆದಿರಿ ಅನ್ನುವುದು ಮುಚ್ಚಿರುತ್ತದೆ. ಯಾವ ಸೈಟ್‌ಗೆ ಹೋದಿರಿ ಅನ್ನುವುದು ಮಾತ್ರ ಸಾಮಾನ್ಯವಾಗಿ ಕಾಣುತ್ತದೆ. ದೊಡ್ಡ ವಿಶ್ವಕೋಶದ ಸೈಟ್ ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕಾಯಿಲೆಗೆ ಮೀಸಲಾದ ಸೈಟ್ ಆದರೆ ಹೆಸರೊಂದೇ ಸಾಕು, ಅಲ್ವಾ? ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಅಂತ ಒಂದು ಆಯ್ಕೆ ಇದೆ. ಆನ್ ಮಾಡಿಕೊಳ್ಳಿ. ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕುವ ಕೆಲಸ ಆಗ ಗುಟ್ಟಾಗಿ ನಡೆಯುತ್ತದೆ. ಆದರೂ ಸಂಪರ್ಕ ಶುರುವಾಗುವಾಗ ಹೆಸರು ಇನ್ನೊಂದು ಕಡೆಯಿಂದ ಸೋರಬಹುದು, ಆದ್ದರಿಂದ ಇದನ್ನೇ ನೆಚ್ಚಿಕೊಳ್ಳಬೇಡಿ. ಕಚೇರಿಯವರು ಕೊಟ್ಟ ಕಂಪ್ಯೂಟರ್ ಆದರೆ ಎಚ್‌ಟಿಟಿಪಿಎಸ್ ಒಳಗೂ ಇಣುಕುವ ವ್ಯವಸ್ಥೆ ಅವರು ಮಾಡಿಕೊಂಡಿರಬಹುದು. ಅದರಲ್ಲಿ ಸ್ವಂತ ವಿಷಯ ಹುಡುಕಲೇಬೇಡಿ.

ವಿಪಿಎನ್ ಹಾಕಿಕೊಂಡರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನೀವು ನೋಡುವುದೆಲ್ಲ ಬೇರೊಂದು ಕಂಪನಿಯ ಕಂಪ್ಯೂಟರ್ ಮೂಲಕ ಹೋಗುವ ಹಾಗೆ ಮಾಡುವುದು ವಿಪಿಎನ್. ಅದು ನಿಮ್ಮನ್ನು ಮರೆ ಮಾಡುವುದಿಲ್ಲ. ನೋಡುವವರನ್ನು ಬದಲಾಯಿಸುತ್ತದೆ. ಇಂಟರ್ನೆಟ್ ಕಂಪನಿ ನೋಡುತ್ತಿದ್ದದ್ದನ್ನು ಈಗ ವಿಪಿಎನ್ ಕಂಪನಿ ನೋಡುತ್ತದೆ. ಅವರು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ ಅನ್ನುವುದನ್ನು ನೀವು ನಂಬಬೇಕು. ಆ ಮಾತು ಪರೀಕ್ಷೆಗೆ ಬಂದ ಉದಾಹರಣೆಗಳೂ ಇವೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಮುಲ್ವಾಡ್ ಅನ್ನುವ ವಿಪಿಎನ್‌ನ ಕಚೇರಿಗೆ ಶೋಧನಾ ವಾರಂಟ್ ಹಿಡಿದು ಬಂದರು. ಗ್ರಾಹಕರ ದಾಖಲೆ ಇರಲೇ ಇಲ್ಲ, ಬರಿಗೈಯಲ್ಲಿ ಹೋದರು. ಮುಲ್ವಾಡ್ ಖಾತೆ ತೆರೆಯುವುದಕ್ಕೆ ಇಮೇಲ್ ಕೂಡ ಕೇಳುವುದಿಲ್ಲ, ಒಂದು ಸಂಖ್ಯೆ ಕೊಡುತ್ತದೆ ಅಷ್ಟೇ. ಇಲ್ಲದ್ದನ್ನು ಯಾರೂ ಕಿತ್ತುಕೊಳ್ಳಲಾರರು. ಪುಕ್ಕಟೆ ವಿಪಿಎನ್ ಆಪ್‌ಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸರ್ವರ್ ನಡೆಸುವುದಕ್ಕೆ ದುಡ್ಡು ಬೇಕು. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದಿದ್ದರೆ ಹಾಕಿಕೊಳ್ಳಬೇಡಿ.

ಅದಕ್ಕಿಂತ ಮುಖ್ಯವಾದ ಮಾತು: ವಿಪಿಎನ್ ಹಾಕಿಕೊಂಡು ನಿಮ್ಮದೇ ಖಾತೆಗೆ ಲಾಗಿನ್ ಆದರೆ ಯಾರೆಂದು ನೀವೇ ಹೇಳಿದ ಹಾಗಾಯಿತು. ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕಿರುವ ಸಂಖ್ಯೆ, ಬದಲಾದರೂ ಲಾಭವಿಲ್ಲ.

ಕುಕಿಯ ಕಥೆ ಹೆಚ್ಚಿನವರಿಗೆ ಗೊತ್ತಿರುವುದರಿಂದ ಬೇಗ ಹೇಳಿ ಮುಂದೆ ಹೋಗುತ್ತೇನೆ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ಮಾಡಿದ್ದು, ನೀವು ಪುಟದಿಂದ ಪುಟಕ್ಕೆ ಹೋದರೂ ಸೈಟ್‌ಗೆ ನಿಮ್ಮ ನೆನಪು ಇರಲಿ ಅಂತ. ಒಂದೇ ಜಾಹೀರಾತು ಕಂಪನಿಯ ತುಣುಕು ಸಾವಿರಾರು ಸೈಟ್‌ಗಳಲ್ಲಿ ಕೂತ ಮೇಲೆ ಅದೇ ನೆನಪು ನಿಮ್ಮ ಹಿಂದೆ ಹಿಂದೆ ಬರತೊಡಗಿತು. ಸಫಾರಿ 2020ರಲ್ಲಿ ಇಂಥ ಹೊರಗಿನವರ ಕುಕಿಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟ್‌ನ ಕುಕಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್‌ನಲ್ಲೂ ತೆಗೆದುಹಾಕುವ ಯೋಜನೆ ಇತ್ತು, 2024ರಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು. ದಿನಬಳಕೆಗೆ ನಾನು ಜನರಿಗೆ ಹೇಳುವುದು ಫೈರ್‌ಫಾಕ್ಸ್, ಅದರ ಮೇಲೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್. ಅಷ್ಟು ಮಾಡಿದರೆ ಜಾಹೀರಾತಿನವರ ಹಿಂಬಾಲಿಕೆ ಬಹಳಷ್ಟು ನಿಲ್ಲುತ್ತದೆ.

ಪೂರ್ತಿ ನಿಲ್ಲುವುದಿಲ್ಲ. ಯಾಕೆ ಅನ್ನುವುದೇ ಈ ಬರಹದಲ್ಲಿ ನನಗೆ ಮುಖ್ಯವಾದ ಭಾಗ.

ನಿಮ್ಮ ಬ್ರೌಸರ್ ತಾನು ಯಾವ ಥರದ್ದು ಅಂತ ಪ್ರತಿ ಸೈಟ್‌ಗೂ ಹೇಳಿಕೊಳ್ಳುತ್ತಾ ಹೋಗುತ್ತದೆ. ಪರದೆಯ ಅಳತೆ, ಟೈಮ್ ಝೋನ್, ಬ್ರೌಸರ್‌ನ ಆವೃತ್ತಿ, ಇಷ್ಟಪಡುವ ಭಾಷೆ. ಕಂಪ್ಯೂಟರ್‌ನಲ್ಲಿ ಯಾವ ಫಾಂಟ್‌ಗಳಿವೆ ಅನ್ನುವುದನ್ನೂ ಸೈಟ್ ಅಳೆದು ತಿಳಿದುಕೊಳ್ಳಬಹುದು. ಕಣ್ಣಿಗೆ ಕಾಣದ ಒಂದು ಚಿತ್ರ ಬರೆಸಿ, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಅದನ್ನು ಹೇಗೆ ಬರೆಯಿತು ಅಂತ ನೋಡುವ ಉಪಾಯವೂ ಇದೆ. ಒಂದೊಂದೂ ಬಿಡಿಬಿಡಿಯಾಗಿ ಮಾಮೂಲಿ ವಿಷಯ. ಎಲ್ಲ ಸೇರಿದಾಗ ಅದು ನಿಮ್ಮೊಬ್ಬರದೇ ಗುರುತಾಗಿಬಿಡುತ್ತದೆ. ಇದಕ್ಕೆ ಬ್ರೌಸರ್ ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ. 2010ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್‌ಲಿ ಇದನ್ನು ಅಳೆದರು. ಪರೀಕ್ಷೆಗೆ ಬಂದ 4,70,161 ಬ್ರೌಸರ್‌ಗಳಲ್ಲಿ ಶೇ 83.6ರಷ್ಟಕ್ಕೆ ಇನ್ನೊಂದು ಜೋಡಿ ಇರಲಿಲ್ಲ. ಅದೇ ಪರೀಕ್ಷೆ ಈಗ ಕವರ್ ಯುವರ್ ಟ್ರ್ಯಾಕ್ಸ್ ಅನ್ನುವ ಹೆಸರಿನಲ್ಲಿದೆ. ನಿಮ್ಮ ಬ್ರೌಸರ್ ಎಷ್ಟು ಎದ್ದು ಕಾಣುತ್ತದೆ ಅಂತ ನೀವೇ ಹೋಗಿ ನೋಡಬಹುದು.

ಕನ್ನಡ ಓದುವ ನಮಗೆ ಇದರಲ್ಲಿ ಇನ್ನೊಂದು ಸಂಕಟ ಇದೆ. ನನ್ನ ಬ್ರೌಸರ್‌ನ ಮೊದಲ ಭಾಷೆ ಕನ್ನಡ. ಮೆನು ಕನ್ನಡದಲ್ಲಿದೆ, ಕನ್ನಡ ಫಾಂಟ್‌ಗಳನ್ನು ಬೇರೆಯಾಗಿ ಹಾಕಿಕೊಂಡಿದ್ದೇನೆ. ನನಗೆ ಅದು ಬೇಕು, ಬಿಡುವುದಿಲ್ಲ. ಆದರೆ ಬೇರೆ ಭಾಷೆಯವರೇ ತುಂಬಿರುವ ಒಂದು ಸೈಟ್‌ಗೆ ಹೋದಾಗ ಈ ಬ್ರೌಸರ್ "ಮೊದಲು ಕನ್ನಡ ಕೊಡಿ" ಅಂತ ಕೇಳಿದರೆ, ಅಲ್ಲಿ ಹಾಗೆ ಕೇಳುವವರು ಎಷ್ಟು ಜನ ಇರುತ್ತಾರೆ? ಹುಡುಕುವವರಿಗೆ ಗುಂಪು ಒಂದೇ ಏಟಿಗೆ ಚಿಕ್ಕದಾಯಿತು. ಅದಕ್ಕೆ ನಾನು ಎರಡು ಬ್ರೌಸರ್ ಇಟ್ಟುಕೊಂಡಿದ್ದೇನೆ. ದಿನಬಳಕೆಯದು ಕನ್ನಡದಲ್ಲಿ. ಗುರುತು ಬೇಡ ಅನ್ನುವ ಕೆಲಸಕ್ಕೆ ಇನ್ನೊಂದು. ಅದರಲ್ಲಿ ಏನನ್ನೂ ನನಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿಲ್ಲ.

ಬದಲಾಯಿಸದೆ ಇರುವುದೇ ಅಲ್ಲಿ ರಕ್ಷಣೆ. ಜನ ಸುರಕ್ಷತೆ ಅಂದುಕೊಂಡು ಒಂದರ ಮೇಲೊಂದು ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಹಾಕುತ್ತಾ ಹೋಗುತ್ತಾರೆ. ಹಾಕಿದಷ್ಟೂ ನಿಮ್ಮಂಥ ಇನ್ನೊಬ್ಬರು ಸಿಗುವುದು ಕಷ್ಟವಾಗುತ್ತದೆ. ಡು ನಾಟ್ ಟ್ರ್ಯಾಕ್ ಅಂತ ಒಂದು ಆಯ್ಕೆ ಇತ್ತು, ನೆನಪಿದೆಯಾ? ನನ್ನನ್ನು ಹಿಂಬಾಲಿಸಬೇಡಿ ಅಂತ ಸೈಟ್‌ಗಳಿಗೆ ಹೇಳುವ ಸಂಕೇತ. ಹೆಚ್ಚಿನ ಸೈಟ್‌ಗಳು ಅದಕ್ಕೆ ಬೆಲೆ ಕೊಡಲಿಲ್ಲ. ಕೊನೆಗೆ ಆ ಸಂಕೇತವೇ ಗುರುತು ಹಿಡಿಯುವ ಇನ್ನೊಂದು ಸುಳಿವು ಆಗಬಹುದು ಅಂತ ಆಪಲ್ 2019ರಲ್ಲಿ ಅದನ್ನು ಸಫಾರಿಯಿಂದ ತೆಗೆದುಹಾಕಿತು. ಬೇಡ ಅಂತ ಕೈ ಎತ್ತಿದವರೇ ಗುಂಪಿನಲ್ಲಿ ಎದ್ದು ಕಂಡರು.

ಗುರುತು ಸಿಗದೆ ಇರುವುದು ಅಂದರೆ ಗೋಡೆ ಕಟ್ಟಿಕೊಳ್ಳುವುದು ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಕಂಡುಕೊಂಡಿದ್ದು ಬೇರೆ. ನಿಮ್ಮ ಹಾಗೇ ಕಾಣುವ ಜನ ಎಷ್ಟು ಜಾಸ್ತಿ ಇದ್ದಾರೋ ಅಷ್ಟು ನೀವು ಸುರಕ್ಷಿತ. ಇದು ಒಬ್ಬರೇ ಕೂತು ಮಾಡಿಕೊಳ್ಳುವ ಕೆಲಸ ಅಲ್ಲ.

ಯಾರು ಯಾವ ಸೈಟ್ ನೋಡುತ್ತಿದ್ದಾರೆ ಅನ್ನುವುದನ್ನು ಮರೆಮಾಡುವ ಟಾರ್ ಅನ್ನುವ ಜಾಲ ಹುಟ್ಟಿದ್ದೇ ಈ ತಿಳಿವಳಿಕೆಯಿಂದ. 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಪಾಲ್ ಸಿವರ್ಸನ್ ಮತ್ತು ಜೊತೆಗಾರರು ಇದರ ಮೂಲ ಯೋಚನೆ ಮಾಡಿದರು. ಮುಂದೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಸೇರಿಕೊಂಡರು. ನೌಕಾಪಡೆಯವರು ಮಾತ್ರ ಬಳಸುವ ಜಾಲ ಕಟ್ಟಿದ್ದರೆ, ಅದರಿಂದ ಬಂದವರೆಲ್ಲ ನೌಕಾಪಡೆಯವರೇ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಅದು ಎಲ್ಲರಿಗೂ ತೆರೆದಿರಬೇಕಾಯಿತು. 2002ರಿಂದ ಸಾರ್ವಜನಿಕರ ಕೈಯಲ್ಲಿದೆ. ಈಗ ಅದನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ.

ಅದು ಕೆಲಸ ಮಾಡುವ ರೀತಿಯನ್ನು ನಾನು ಲಕೋಟೆಯ ಉದಾಹರಣೆ ಕೊಟ್ಟು ಹೇಳುತ್ತೇನೆ. ನಿಮ್ಮ ಕಾಗದವನ್ನು ಒಂದರೊಳಗೊಂದು ಮೂರು ಲಕೋಟೆಯಲ್ಲಿ ಇಟ್ಟಿದ್ದೀರಿ. ಮೊದಲನೆಯವರು ಹೊರಗಿನ ಲಕೋಟೆ ಒಡೆದು ಒಳಗಿನದನ್ನು ಎರಡನೆಯವರಿಗೆ ಕಳಿಸುತ್ತಾರೆ, ಅವರು ಮೂರನೆಯವರಿಗೆ. ಮೊದಲನೆಯವರಿಗೆ ಕಳಿಸಿದ್ದು ನೀವು ಅಂತ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಮೂರನೆಯವರಿಗೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ಜಗತ್ತಿನ ಬೇರೆ ಬೇರೆ ಕಡೆ ಸ್ವಯಂಸೇವಕರು ನಡೆಸುವ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಈ ಮೂರನ್ನು ಆರಿಸಲಾಗುತ್ತದೆ.

ಈ ಜಾಲ ಬಳಸುವುದಕ್ಕೆಂದೇ ಇರುವ ಟಾರ್ ಬ್ರೌಸರ್ ಎಲ್ಲರನ್ನೂ ಒಂದೇ ಥರ ಕಾಣಿಸುವುದಕ್ಕೆ ಶ್ರಮ ಪಡುತ್ತದೆ. ಕಿಟಕಿಯನ್ನು ನೀವು ದೊಡ್ಡದು ಮಾಡಿದರೂ ಒಳಗಿನ ಪುಟದ ಸುತ್ತ ಅಂಚು ಬಿಟ್ಟು, ಗೊತ್ತುಪಡಿಸಿದ ಕೆಲವೇ ಅಳತೆಗಳಲ್ಲಿ ಒಂದಕ್ಕೆ ತರುತ್ತದೆ. ಟೈಮ್ ಝೋನ್ ಎಲ್ಲರಿಗೂ ಒಂದೇ ತೋರಿಸುತ್ತದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಇಟ್ಟುಕೊಂಡವರಿಗೆ, ಸೈಟ್‌ಗಳನ್ನು ಇಂಗ್ಲಿಷ್‌ನಲ್ಲಿ ಕೇಳಲಾ ಅಂತ ಕೇಳುತ್ತದೆ. ಅಲ್ಲಿ ಹೌದು ಅನ್ನಿ. ಅದು ಭಾಷೆಗೆ ಮಾಡುವ ದ್ರೋಹವಲ್ಲ, ಕನ್ನಡ ಪುಟಗಳು ಆಗಲೂ ಕನ್ನಡದಲ್ಲೇ ತೆರೆಯುತ್ತವೆ. ಅದರೊಳಗೆ ಬೇರೆ ಎಕ್ಸ್‌ಟೆನ್ಶನ್ ಹಾಕಬೇಡಿ, ಬಣ್ಣ ಬದಲಾಯಿಸಬೇಡಿ. ಅಪ್‌ಡೇಟ್ ಬಂದ ದಿನವೇ ಮಾಡಿ. 2013ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಟಾರ್ ಬಳಕೆದಾರರನ್ನು ಪತ್ತೆ ಹಚ್ಚಲು ಉಪಯೋಗಿಸಿದ ಬ್ರೌಸರ್ ದೋಷ ಆ ಹೊತ್ತಿಗಾಗಲೇ ಸರಿಯಾಗಿತ್ತು. ಹಳೆಯ ಆವೃತ್ತಿಯಲ್ಲೇ ಉಳಿದವರು ಸಿಕ್ಕಿದರು.

ಟಾರ್‌ಗೂ ಮಿತಿ ಇದೆ. ಮೂರನೆಯ ಕಂಪ್ಯೂಟರ್‌ನಿಂದ ಸೈಟ್‌ವರೆಗಿನ ದಾರಿಗೆ ಟಾರ್ ಬೀಗ ಹಾಕುವುದಿಲ್ಲ. 2007ರಲ್ಲಿ ಸ್ವೀಡನ್ನಿನ ಡ್ಯಾನ್ ಎಗರ್‌ಸ್ಟಾಡ್ ಅಂಥ ಕೊನೆಯ ಕಂಪ್ಯೂಟರ್‌ಗಳನ್ನು ತಾವೇ ನಡೆಸಿ, ರಾಯಭಾರ ಕಚೇರಿಗಳ ಇಮೇಲ್ ಪಾಸ್‌ವರ್ಡ್‌ಗಳು ಯಾವ ಬೀಗವೂ ಇಲ್ಲದೆ ಹಾದುಹೋಗುವುದನ್ನು ತೋರಿಸಿಕೊಟ್ಟರು. ಹಾಗಾಗಿ ಅಲ್ಲೂ ಎಚ್‌ಟಿಟಿಪಿಎಸ್ ಬೇಕೇ ಬೇಕು. ಇನ್ನೊಂದು ಘಟನೆ 2013ರ ಡಿಸೆಂಬರ್‌ನದು. ಹಾರ್ವರ್ಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಪರೀಕ್ಷೆ ತಪ್ಪಿಸಿಕೊಳ್ಳಲು ಟಾರ್ ಮೂಲಕ ಸುಳ್ಳು ಬಾಂಬ್ ಬೆದರಿಕೆ ಕಳಿಸಿದ. ಅವನು ಮಾಡಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಕ್ಕಿದ್ದು ಹೇಗೆ ಅನ್ನುವುದನ್ನು ಗಮನಿಸಿ. ಟಾರ್ ಅನ್ನು ಯಾರೂ ಒಡೆಯಲಿಲ್ಲ. ಬೆದರಿಕೆ ಬರುವ ಮೊದಲಿನ ಕೆಲವು ಗಂಟೆಗಳಲ್ಲಿ ಕ್ಯಾಂಪಸ್ ವೈಫೈನಿಂದ ಟಾರ್‌ಗೆ ಯಾರು ಹೋಗಿದ್ದರು ಅಂತ ನೋಡಿದರು. ಆ ಪಟ್ಟಿ ಅವನವರೆಗೆ ಬಂತು. ಟಾರ್‌ನಲ್ಲಿ ಏನು ಮಾಡುತ್ತೀರಿ ಅನ್ನುವುದು ವೈಫೈ ನಡೆಸುವವರಿಗೆ ಕಾಣುವುದಿಲ್ಲ, ಟಾರ್ ಬಳಸುತ್ತಿದ್ದೀರಿ ಅನ್ನುವುದು ಕಾಣುತ್ತದೆ. ಬಳಸುವವರು ಕಡಿಮೆ ಇದ್ದ ಕಡೆ ಅಷ್ಟೇ ಸಾಕಾಗುತ್ತದೆ.

ಯಂತ್ರದ ಕಡೆ ಎಲ್ಲವನ್ನೂ ಸರಿ ಮಾಡಿಕೊಂಡರೂ ನಮ್ಮ ಮಾತು ನಮ್ಮನ್ನು ಬಿಟ್ಟುಕೊಡುತ್ತದೆ. 2006ರಲ್ಲಿ ಅಮೆರಿಕದ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲಿ ಅಂತ ಸುಮಾರು ಆರೂವರೆ ಲಕ್ಷ ಜನರ ಹುಡುಕಾಟಗಳನ್ನು ಬಿಡುಗಡೆ ಮಾಡಿತು. ಹೆಸರು ತೆಗೆದು ಅಲ್ಲಿ ಬರೀ ಸಂಖ್ಯೆ ಹಾಕಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು 4417749 ಅನ್ನುವ ಸಂಖ್ಯೆಯ ಹಿಂದಿದ್ದ ವಯಸ್ಸಾದ ಹೆಣ್ಣುಮಗಳ ಮನೆ ಬಾಗಿಲಿಗೆ ಹೋಗಿ ನಿಂತರು. ಆಕೆ ಹುಡುಕಿದ್ದರಲ್ಲಿ ತನ್ನ ಊರಿನ ಹೆಸರಿತ್ತು, ತನ್ನದೇ ಅಡ್ಡಹೆಸರಿನ ಜನರಿದ್ದರು, ತನ್ನ ನಾಯಿಯ ಚಿಂತೆ ಇತ್ತು. ಒಂದೊಂದು ಹುಡುಕಾಟದಿಂದ ಯಾವ ಹಾನಿಯೂ ಇಲ್ಲ. ಎಲ್ಲಕ್ಕೂ ಒಂದೇ ಸಂಖ್ಯೆ ಅಂಟಿದ್ದರಿಂದ ಆಕೆ ಸಿಕ್ಕಿದಳು. ಇದನ್ನು ಓದಿದ ದಿನದಿಂದ ನನಗೆ ಒಂದು ಅಭ್ಯಾಸ. ಗುರುತು ಬೇಡವಾದ ವಿಷಯವನ್ನು ಬ್ರೌಸರ್ ಹೊಸದಾಗಿ ತೆರೆದು ನೋಡುತ್ತೇನೆ, ಮುಗಿದ ಕೂಡಲೇ ಬ್ರೌಸರ್ ಪೂರ್ತಿ ಮುಚ್ಚುತ್ತೇನೆ. ಆ ನಡುವೆ ಅದರಲ್ಲಿ ನನ್ನ ಇಮೇಲ್ ತೆರೆಯುವುದಿಲ್ಲ, ನನ್ನ ಬೀದಿಯ ನಕ್ಷೆ ನೋಡುವುದಿಲ್ಲ.

ಬರೆಯುವವರಾದರೆ ಹಳೆಯ ಅಡ್ಡಹೆಸರನ್ನು ಹೊಸ ಜಾಗಕ್ಕೆ ಒಯ್ಯಬೇಡಿ. ಬೇರೆಯವರಿಗೆ ಲಿಂಕ್ ಕಳಿಸುವಾಗ ಪ್ರಶ್ನೆ ಚಿಹ್ನೆಯ ನಂತರದ ಉದ್ದ ಬಾಲವನ್ನು ಒಮ್ಮೆ ನೋಡಿ. ಎಷ್ಟೋ ಸಲ ಲಿಂಕ್ ಯಾರಿಂದ, ಎಲ್ಲಿಂದ ಬಂತು ಅನ್ನುವ ಸುಳಿವು ಅದರಲ್ಲಿರುತ್ತದೆ. ಅಳಿಸಿದರೂ ಪುಟ ತೆರೆಯುವುದಾದರೆ ಅಳಿಸಿಯೇ ಕಳಿಸಿ. ಫೋಟೊ ಹಾಕುವ ಮೊದಲು ಅದರೊಳಗಿನ ಜಾಗದ ಮಾಹಿತಿ ತೆಗೆಯಿರಿ. 2012ರಲ್ಲಿ ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲದಲ್ಲಿದ್ದಾರೆ ಅಂತ ಲೋಕಕ್ಕೆ ಗೊತ್ತಾಗಿದ್ದು, ಅವರ ಜೊತೆಗಿದ್ದ ಪತ್ರಕರ್ತರು ಹಾಕಿದ ಒಂದು ಫೋಟೊದೊಳಗಿನ ಜಿಪಿಎಸ್ ಅಂಕಿಗಳಿಂದ. ಕಂಪ್ಯೂಟರ್ ಭದ್ರತೆಯ ಹೆಸರಿನಲ್ಲೇ ಕಂಪನಿ ಕಟ್ಟಿದ್ದ ಮನುಷ್ಯ ಅವರು.

"ನಾನು ಮುಚ್ಚಿಡುವಂಥದ್ದು ಏನೂ ಮಾಡುವುದಿಲ್ಲ, ನನಗೆ ಯಾಕೆ ಟಾರ್?" ಅಂತ ಕೇಳುವವರಿಗೆ ನನ್ನ ಉತ್ತರ ಇದು. ನೀವು ಬಂದರೆ ಗುಂಪು ದೊಡ್ಡದಾಗುತ್ತದೆ. ನೀವು ಟಾರ್‌ನಲ್ಲಿ ಸುಮ್ನೆ ಹವಾಮಾನ ನೋಡಿ, ನಿಘಂಟು ನೋಡಿ, ಸುದ್ದಿ ಓದಿ. ಅದೇ ಹೊತ್ತಿನಲ್ಲಿ ಇನ್ನೆಲ್ಲೋ ಒಬ್ಬಳು ಹೊಡೆಯುವ ಗಂಡನಿಂದ ಪಾರಾಗುವ ದಾರಿ ಹುಡುಕುತ್ತಿದ್ದರೆ, ಹೊರಗಿನಿಂದ ನೋಡುವವರಿಗೆ ನೀವಿಬ್ಬರೂ ಒಂದೇ ಥರ ಕಾಣುತ್ತೀರಿ. ಟಾರ್ ಬಳಸುವವರೆಲ್ಲ ಅನುಮಾನದ ಜನ ಅಂತ ಆಗಬಾರದು ಅಂದರೆ ಮಾಮೂಲಿ ಜನ ಮಾಮೂಲಿ ಕೆಲಸಕ್ಕೆ ಅದನ್ನು ಬಳಸಬೇಕು. ಟಾರ್ ಅನ್ನು ಕಾನೂನು ನಿಷೇಧಿಸಿರುವ ಅಥವಾ ಬಳಸಿದ್ದಕ್ಕೇ ತೊಂದರೆ ಕೊಡುವ ದೇಶದಲ್ಲಿದ್ದರೆ ಮಾತ್ರ ಮೊದಲು ಅದನ್ನು ತೂಗಿ ನೋಡಿ.

ನನ್ನ ವೃತ್ತಿಯವರು ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅದು ನನಗೆ ತುಂಬಾ ಹೆಮ್ಮೆಯ ವಿಷಯ. 2015ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಲೆಬನಾನ್ ಅನ್ನುವ ಊರಿನ ಕಿಲ್ಟನ್ ಗ್ರಂಥಾಲಯ ತನ್ನ ಇಂಟರ್ನೆಟ್‌ನ ಒಂದು ಪಾಲನ್ನು ಟಾರ್‌ಗೆ ಕೊಟ್ಟಿತು. ಲಕೋಟೆ ದಾಟಿಸುವ ಕಂಪ್ಯೂಟರ್‌ಗಳಲ್ಲಿ ಒಂದನ್ನು ತಾನೇ ಇಟ್ಟಿತು. ಪೊಲೀಸರು ಬಂದು ಆತಂಕ ಹೇಳಿಕೊಂಡ ಮೇಲೆ ಸ್ವಲ್ಪ ದಿನ ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಗ್ರಂಥಾಲಯದ ಮಂಡಳಿ ಸಭೆ ಸೇರಿತು. ಊರಿನವರ ಮಾತು ಕೇಳಿತು. ಮತ್ತೆ ಶುರು ಮಾಡುವುದು ಅಂತ ತೀರ್ಮಾನಿಸಿತು.

ಗ್ರಂಥಾಲಯ ನಡೆಸದವರೂ ಇಂಥದ್ದೇ ಒಂದು ಕೆಲಸ ಮಾಡಬಹುದು. ಫೈರ್‌ಫಾಕ್ಸ್, ಕ್ರೋಮ್ ಎರಡಕ್ಕೂ ಸ್ನೋಫ್ಲೇಕ್ ಅನ್ನುವ ಎಕ್ಸ್‌ಟೆನ್ಶನ್ ಇದೆ, ಟಾರ್‌ನವರದೇ. ಟಾರ್ ಅನ್ನು ತಡೆದಿರುವ ದೇಶಗಳ ಜನ ನಿಮ್ಮ ಬ್ರೌಸರ್ ಮೂಲಕ ಆ ಜಾಲದ ಒಳಗೆ ಬರುತ್ತಾರೆ. ಅವರು ನೋಡುವ ಸೈಟ್‌ಗಳಿಗೆ ನಿಮ್ಮ ಐಪಿ ವಿಳಾಸ ಕಾಣುವುದಿಲ್ಲ, ಅಲ್ಲಿಗೆ ಹೋಗುವುದು ಟಾರ್‌ನ ಕೊನೆಯ ಕಂಪ್ಯೂಟರ್‌ನಿಂದ. ಎಕ್ಸ್‌ಟೆನ್ಶನ್ ಹಾಕಿದರೆ ಆ ಬ್ರೌಸರ್ ಎದ್ದು ಕಾಣಬಹುದು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದನ್ನು ಹಾಕುವುದು ದಿನಬಳಕೆಯ ಬ್ರೌಸರ್‌ನಲ್ಲಿ. ನನ್ನ ಕನ್ನಡದ ಫೈರ್‌ಫಾಕ್ಸ್‌ನಲ್ಲಿ ಅದು ಇದೆ. ಬ್ರೌಸರ್ ತೆರೆದಿರುವಷ್ಟು ಹೊತ್ತೂ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಕಳೆದ 24 ಗಂಟೆಗಳಲ್ಲಿ ಎಷ್ಟು ಜನರಿಗೆ ದಾರಿಯಾಯಿತು ಅಂತ ಲೆಕ್ಕ ತೋರಿಸುತ್ತದೆ.